ಹುಸೇನ್ ಸಾಗರದ ದೋಣಿಗೆ ಯಾವ ಬ್ಯಾಟರಿ?

ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ, ಈಗ ಎನ್‌ಟಿಆರ್ ಉದ್ಯಾನ ಇರುವ ಕಡೆ, ಒಂದು ಕಾಲಕ್ಕೆ ಉಷ್ಣ ವಿದ್ಯುತ್ ಸ್ಥಾವರವಿತ್ತು. 1920ರ ಹೊತ್ತಿಗೆ ಕಟ್ಟಿದ್ದು. ನಿಜಾಮರ ರಾಜಧಾನಿಗೆ ಕರೆಂಟು ಅಲ್ಲಿಂದ ಹೋಗುತ್ತಿತ್ತು. 1990ರ ದಶಕದಲ್ಲಿ ಅದನ್ನು ಕಳಚಿ ಹಾಕಿದರು. ಈಗ ಈ ಕೆರೆಯ ಮೇಲೆ ಉಳಿದಿರುವ ಕರೆಂಟೆಂದರೆ ದೋಣಿಗಳ ಹಿಂಬದಿಯ ಪೆಟ್ಟಿಗೆಗಳಲ್ಲಿ ಕೂತಿರುವುದು, ಒಂದೊಂದರಲ್ಲೂ ಹನ್ನೆರಡು ವೋಲ್ಟು.

ಕನ್ನಡದ ಓದುಗರಿಗೆ ಈ ನೀರು ತೀರ ಪರಕೀಯವಲ್ಲ. ಕುತುಬ್ ಶಾಹಿ ಸುಲ್ತಾನ ಇಬ್ರಾಹಿಂ ಕುಲಿಯ ಕಾಲದಲ್ಲಿ, 1562ರ ಸುಮಾರಿಗೆ, ಹುಸೇನ್ ಶಾ ವಲಿ ಕಟ್ಟಿಸಿದ ಕೆರೆ ಇದು. ನಾಲ್ಕು ಶತಮಾನದ ಬಳಿಕ ಇದರ ಏರಿಯನ್ನು ಅಗಲ ಮಾಡಿಸಿ ಟ್ಯಾಂಕ್ ಬಂಡ್ ರಸ್ತೆಗೆ ಈಗಿನ ರೂಪ ಕೊಟ್ಟ ಹೆಸರು ಸರ್ ಮಿರ್ಜಾ ಇಸ್ಮಾಯಿಲ್ ಅವರದು. ಮೈಸೂರಿನ ದಿವಾನಗಿರಿ ಮುಗಿಸಿ 1946ರಲ್ಲಿ ಅವರು ಹೈದರಾಬಾದಿಗೆ ಬಂದಿದ್ದರು. ಅದಕ್ಕೂ ಮೊದಲು, 1908ರ ಮೂಸಿ ಪ್ರವಾಹದ ನಂತರ, ಊರಿಗೆ ನೀರು ಮತ್ತು ರಕ್ಷಣೆ ಎರಡನ್ನೂ ಯೋಚಿಸಲು ಕರೆಸಿಕೊಂಡದ್ದು ವಿಶ್ವೇಶ್ವರಯ್ಯನವರನ್ನು. ನೀರಿನ ವಿಷಯ ಬಂದಾಗ ಹೈದರಾಬಾದು ಮೈಸೂರಿನ ಕಡೆ ನೋಡುತ್ತಿದ್ದ ಕಾಲವೊಂದಿತ್ತು.

ಇಂದು ಲುಂಬಿನಿ ಪಾರ್ಕಿನ ಜೆಟ್ಟಿಯಿಂದ ಸ್ಪೀಡ್‌ಬೋಟುಗಳು ಹೊರಡುತ್ತವೆ, ಬುದ್ಧನ ಪ್ರತಿಮೆಯನ್ನು ಸುತ್ತಿ ಬರುತ್ತವೆ. ದುರ್ಗಂ ಚೆರುವಿನಲ್ಲೂ ದೋಣಿ ವಿಹಾರವಿದೆ. ಗೋವಾ, ಮುಂಬೈಗಳಷ್ಟು ಖಾಸಗಿ ಮೋಟರ್ ದೋಣಿಗಳು ಇಲ್ಲಿಲ್ಲ. ಆದರೆ ಇರುವ ಪ್ರತಿ ದೋಣಿಗೂ ಎರಡು ಮೂರು ವರ್ಷಕ್ಕೊಮ್ಮೆ ಒಂದೇ ಪ್ರಶ್ನೆ ಎದುರಾಗುತ್ತದೆ: ಹಳೇ ಬ್ಯಾಟರಿ ಕೈಕೊಟ್ಟಿತು, ಹೊಸದು ಯಾವುದು ತರುವುದು?

ಟ್ಯಾಂಕ್ ಬಂಡ್‌ಗೆ ಹತ್ತಿರದಲ್ಲೇ ಇರುವ ರಾಣಿಗಂಜ್‌ನ ಕಡೆ ಹೋಗಿ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಮತ್ತೊಂದು ಪ್ರಶ್ನೆ: ಕಾರಿಗಾ, ಇನ್ವರ್ಟರಿಗಾ? ನಮ್ಮ ಊರುಗಳ ಬ್ಯಾಟರಿ ಅಂಗಡಿಯಲ್ಲಿ ಈ ಎರಡು ಸಾಲು ಇರುತ್ತವೆ, ಮೂರನೆಯದಾಗಿ ಯುಪಿಎಸ್‌ನ ಒಂದು ಮೂಲೆ. ದೋಣಿಯ ಸಾಲು ಅಂತ ಇರುವುದು ಅಪರೂಪ. ಹಾಗಾಗಿ ದೋಣಿಯವನು ಕೊಂಡು ತರುವುದು ಬೇರೆ ಯಾರದೋ ಅಗತ್ಯಕ್ಕೆ ಹುಟ್ಟಿದ ವಸ್ತುವನ್ನು. ಯಾರ ಅಗತ್ಯಕ್ಕೆ, ಯಾವ ಊರಿನ ಯಾವ ಕಷ್ಟಕ್ಕೆ ಎಂದು ಗೊತ್ತಿದ್ದರೆ ಆಯ್ಕೆ ಅರ್ಧ ಮುಗಿದಂತೆ.

ಮೊದಲು ಪದದ ಕಥೆ. ಬ್ಯಾಟರಿ ಎಂದರೆ ಮೂಲದಲ್ಲಿ ಸಾಲಾಗಿ ನಿಲ್ಲಿಸಿದ ಫಿರಂಗಿಗಳು. ಹದಿನೆಂಟನೆಯ ಶತಮಾನದ ನಡುವಿನಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ವಿದ್ಯುತ್ತು ಹಿಡಿದಿಡುವ ಗಾಜಿನ ಜಾಡಿಗಳನ್ನು ಸಾಲಾಗಿ ಜೋಡಿಸಿ, ಎಲ್ಲ ಒಟ್ಟಿಗೆ ಸಿಡಿಯುವುದರಿಂದ, ಅದಕ್ಕೂ ಅದೇ ಹೆಸರಿಟ್ಟ. ಕನ್ನಡದ ಹಳ್ಳಿಗಳಿಗೆ ಆ ಪದ ಬಂದಾಗ ಅದು ಇನ್ನೊಂದು ತಿರುವು ತೆಗೆದುಕೊಂಡಿತು. ‘ಕತ್ತಲೆಯಾಯ್ತು, ಬ್ಯಾಟ್ರಿ ತಗೊಂಡ್ಹೋಗು’ ಎಂದರೆ ಟಾರ್ಚು. ಒಳಗಿನದು ಸೆಲ್ಲು. ಬೆಳಕು ಕೊಡುವ ವಸ್ತುವೇ ಬ್ಯಾಟರಿ, ಶಕ್ತಿ ತುಂಬಿಟ್ಟುಕೊಳ್ಳುವುದು ಅದರೊಳಗಿನ ಯಾವುದೋ ಸಾಮಾನು. ಫ್ರಾಂಕ್ಲಿನ್‌ನ ಫಿರಂಗಿ ಒಮ್ಮೆಗೇ ಸಿಡಿಯುವುದು, ನಮ್ಮ ಹಳ್ಳಿಯ ಬ್ಯಾಟ್ರಿ ರಾತ್ರಿಯಿಡೀ ಸಣ್ಣಗೆ ಉರಿಯುವುದು. ದೋಣಿಯ ಸಮಸ್ಯೆಯೂ ಹೆಚ್ಚುಕಡಿಮೆ ಇದೇ. ಎರಡೂ ಕೆಲಸ ಒಂದೇ ಪೆಟ್ಟಿಗೆಯಿಂದ ಆಗಬೇಕು ಎಂದು ಎಲ್ಲರಿಗೂ ಆಸೆ.

ಬ್ಯಾಟರಿಗೂ ದೋಣಿಗೂ ನಂಟು ಕಾರಿಗಿಂತ ಹಳೆಯದು. 1838ರಲ್ಲಿ ಮೊರಿಟ್ಜ್ ಯಾಕೋಬಿ ಎಂಬ ವಿಜ್ಞಾನಿ ರಷ್ಯಾದ ನೇವಾ ನದಿಯ ಮೇಲೆ ಹನ್ನೆರಡು-ಹದಿನಾಲ್ಕು ಜನರನ್ನು ಕೂರಿಸಿಕೊಂಡು ವಿದ್ಯುತ್ ದೋಣಿ ನಡೆಸಿದ. ಅದರ ಬ್ಯಾಟರಿಗೆ ಮರುಜೀವ ಇರಲಿಲ್ಲ, ಸತುವು ತೀರಿದರೆ ಮುಗಿಯಿತು. ಮತ್ತೆ ಮತ್ತೆ ತುಂಬಬಲ್ಲ ಸೀಸ-ಆಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತಾನ್ ಪ್ಲಾಂಟೆ ಮಾಡಿದ್ದು 1859ರಲ್ಲಿ. 1881ರಲ್ಲಿ ಅದೇ ದೇಶದ ಕಮೀಲ್ ಫೋರ್ ಸೀಸದ ಆಕ್ಸೈಡನ್ನು ಹಿಟ್ಟಿನಂತೆ ಕಲಸಿ ಹಲಗೆಗೆ ಮೆತ್ತುವ ಉಪಾಯ ಕಂಡುಕೊಂಡ. ಇಂದಿಗೂ ಅಂಗಡಿಯಲ್ಲಿ ಸಿಗುವ ಕಾರಿನ ಬ್ಯಾಟರಿ ಮೂಲತಃ ಅದೇ. ಅದೇ 1881ರಲ್ಲಿ ಗುಸ್ತಾವ್ ತ್ರೂವೆ ಪ್ಯಾರಿಸ್ಸಿನ ಸೇನ್ ನದಿಯಲ್ಲಿ, ದೋಣಿಯ ಹಿಂಬದಿಗೆ ಸಿಕ್ಕಿಸಿ ತೆಗೆಯಬಹುದಾದ ಮೋಟರನ್ನು ಓಡಿಸಿ ತೋರಿಸಿದ. ಈಗ ಹುಸೇನ್ ಸಾಗರದ ಸ್ಪೀಡ್‌ಬೋಟುಗಳ ಹಿಂದೆ ತೂಗುವ ಪೆಟ್ರೋಲ್ ಔಟ್‌ಬೋರ್ಡ್ ಇಂಜಿನ್ನಿನ ಅಜ್ಜ ವಿದ್ಯುತ್ತಿನದು!

ಆಮೇಲಿನ ಇಪ್ಪತ್ತು ವರ್ಷ ಆ ದೋಣಿಗಳ ಸುವರ್ಣಕಾಲ. ಥೇಮ್ಸ್ ನದಿಯುದ್ದಕ್ಕೂ ಚಾರ್ಜ್ ಮಾಡುವ ತಾಣಗಳಿದ್ದವು. 1893ರ ಶಿಕಾಗೊ ಮೇಳದಲ್ಲಿ ಐವತ್ತಕ್ಕೂ ಹೆಚ್ಚು ವಿದ್ಯುತ್ ದೋಣಿಗಳು ಹತ್ತು ಲಕ್ಷಕ್ಕೂ ಮೀರಿ ಜನರನ್ನು ಸುತ್ತಾಡಿಸಿದವು. ಸ್ವಾಮಿ ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನವೂ ಆ ಮೇಳದ ಅಂಗವಾಗಿಯೇ ನಡೆದದ್ದು. ಹೊಗೆಯಿಲ್ಲ, ಸದ್ದಿಲ್ಲ. ಆಮೇಲೆ ಪೆಟ್ರೋಲ್ ಬಂತು, ಒಂದು ಡಬ್ಬಿಯಲ್ಲಿ ಅಷ್ಟೊಂದು ದೂರ ಹೋಗಬಹುದೆಂದಾದ ಮೇಲೆ ಟನ್ನುಗಟ್ಟಲೆ ಸೀಸ ಹೊರುವವರು ಯಾರು?

ಪೆಟ್ರೋಲ್ ಇಂಜಿನ್ನಿಗೆ ಒಂದೇ ಕುಂದು: ಅದನ್ನು ಕೈಯಲ್ಲಿ ತಿರುಗಿಸಿ ಎಬ್ಬಿಸಬೇಕಿತ್ತು. ಹ್ಯಾಂಡಲು ಹಿಂದಕ್ಕೆ ಒದ್ದು ಕೈ ಮುರಿದುಕೊಂಡವರಿದ್ದರು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲ್ಯಾಕ್ ಕಾರಿನಲ್ಲಿ ಬಂದಾಗ ಆ ಕಷ್ಟ ಹೋಯಿತು. ಅಲ್ಲಿಂದ ಬ್ಯಾಟರಿಯ ಕೆಲಸ ಬದಲಾಯಿತು. ದೋಣಿಯನ್ನೇ ನಡೆಸುತ್ತಿದ್ದ ವಸ್ತು, ತನ್ನನ್ನು ಹೊರಗಟ್ಟಿದ ಇಂಜಿನ್ನನ್ನು ದಿನ ಬೆಳಗಾದರೆ ಎಬ್ಬಿಸುವ ಆಳಾಯಿತು. ಸೌಮ್ಯವಾಗಿ ಗಂಟೆಗಟ್ಟಲೆ ಹರಿಸುವ ಬದಲು ಎರಡು ಮೂರು ಸೆಕೆಂಡು ಸಿಡಿದು ಸುಮ್ಮನಾಗುವುದನ್ನು ಅದಕ್ಕೆ ಕಲಿಸಿದರು.

ಅದನ್ನು ಕಲಿಸಿದ ಬಗೆ ಹೀಗೆ. ಒಳಗಿನ ಸೀಸದ ಹಲಗೆಗಳನ್ನು ತೆಳುವಾಗಿಸಿ ಸಂಖ್ಯೆ ಹೆಚ್ಚಿಸುವುದು. ಹಲಗೆ ಹೆಚ್ಚಾದರೆ ಆಮ್ಲಕ್ಕೆ ತಾಗುವ ಮೈ ಹೆಚ್ಚು, ಒಮ್ಮೆಗೇ ಹೊರಬೀಳುವ ಕರೆಂಟು ಹೆಚ್ಚು. ಆದರೆ ತೆಳು ಹಲಗೆಯ ಮೇಲಿನ ಹಿಟ್ಟು ಪೂರ್ತಿ ಖಾಲಿಯಾಗಿ ತುಂಬಿ, ಮತ್ತೆ ಖಾಲಿಯಾಗಿ ತುಂಬಿ ಹಿಗ್ಗಿ ಕುಗ್ಗುವುದನ್ನು ತಾಳುವುದಿಲ್ಲ. ಉದುರುತ್ತದೆ. ಕೆಲವೇ ಡಜನ್ ಬಾರಿ ಆಳಕ್ಕೆ ಇಳಿಸಿದರೆ ಕಾರಿನ ಬ್ಯಾಟರಿ ಕೆಲಸಕ್ಕೆ ಬಾರದಾಗುತ್ತದೆ.

ಈ ಬ್ಯಾಟರಿಗಳ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಸಿಸಿಎ ಎಂಬ ಅಂಕಿಯೂ ಆ ಚರಿತ್ರೆಯ ಕೂಸು. ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್ ಎಂಬುದರ ಹ್ರಸ್ವರೂಪ ಅದು. ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿ 30 ಸೆಕೆಂಡು ಕಾಲ ಎಷ್ಟು ಆಂಪಿಯರ್ ಕೊಡಬಲ್ಲದು ಎಂಬ ಅಳತೆ. ಹಿಮ ಬೀಳುವ ಊರಿನಲ್ಲಿ ಇಂಜಿನ್ ಎಣ್ಣೆ ಗಟ್ಟಿಯಾಗಿ ಕೂತಿರುವ ಬೆಳಗಿನ ಚಿಂತೆ ಅದು. ದೋಣಿಗಳಿಗೆಂದೇ ಇರುವ ಎಂಸಿಎ ಎಂಬ ಅಳತೆ ಸೊನ್ನೆ ಡಿಗ್ರಿಯದು. ನೀರು ಹೆಪ್ಪುಗಟ್ಟಿದ ಮೇಲೆ ದೋಣಿ ಯಾರು ಬಿಡುತ್ತಾರೆ ಎಂಬ ಸಾದಾ ವಿವೇಕ ಅದರ ಹಿಂದಿದೆ. ಒಂದೇ ಬ್ಯಾಟರಿಗೆ ಎಂಸಿಎ ಅಂಕಿ ಸಿಸಿಎಗಿಂತ ದೊಡ್ಡದಾಗಿ ಕಾಣುವುದು ಇದೇ ಕಾರಣಕ್ಕೆ. ಎರಡು ಬ್ಯಾಟರಿ ಹೋಲಿಸುವಾಗ ಒಂದರ ಸಿಸಿಎ, ಇನ್ನೊಂದರ ಎಂಸಿಎ ನೋಡಿ ಮೋಸಹೋಗುವುದು ಸುಲಭ.

ಹೈದರಾಬಾದಿನಲ್ಲಿ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಇಲ್ಲಿ ಬ್ಯಾಟರಿಯ ಶತ್ರು ಚಳಿಯಲ್ಲ. ಸೀಸ-ಆಮ್ಲದ ಬ್ಯಾಟರಿಯ ವಿಷಯದಲ್ಲಿ ತಂತ್ರಜ್ಞರು ಇಟ್ಟುಕೊಂಡಿರುವ ಸ್ಥೂಲ ಲೆಕ್ಕವೆಂದರೆ, 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಆಯುಷ್ಯ ಅರ್ಧಕ್ಕಿಳಿಯುತ್ತದೆ. ಬಿಸಿಲಿಗೆ ಒಡ್ಡಿಕೊಂಡ ದೋಣಿಯ ಮುಚ್ಚಿದ ಡಬ್ಬದೊಳಗೆ, ಇಂಜಿನ್ ಪಕ್ಕದಲ್ಲಿ, ಗಾಳಿಗಿಂತ ಬಿಸಿ ಹೆಚ್ಚು. ಐದು ವರ್ಷದ ಮಾತು ಕೊಟ್ಟ ಪೆಟ್ಟಿಗೆ ಎರಡೇ ವರ್ಷಕ್ಕೆ ಮಲಗಿದರೆ ಕಂಪನಿಯನ್ನು ಬೈಯುವ ಮೊದಲು ಅದು ಕೂತಿದ್ದ ಜಾಗ ನೋಡಬೇಕು. ಸಾಧ್ಯವಿದ್ದರೆ ಇಂಜಿನ್ನಿನಿಂದ ದೂರ, ನೆರಳಿನ ಕಡೆಗೆ ಸರಿಸುವುದು ದುಬಾರಿ ಬ್ರ್ಯಾಂಡ್ ಕೊಳ್ಳುವುದಕ್ಕಿಂತ ಲಾಭದ ಕೆಲಸ.

ಹಾಗಾದರೆ ಇನ್ವರ್ಟರ್ ಸಾಲಿನದು ಆಗಬಹುದೆ? ಅದರ ಚರಿತ್ರೆ ಬೇರೆ. ಟ್ಯೂಬುಲರ್ ಎನ್ನುವ ಈ ಜಾತಿಯಲ್ಲಿ ಧನಾತ್ಮಕ ಹಲಗೆಯ ಹಿಟ್ಟನ್ನು ಸಾಲಾದ ಕೊಳವೆಗಳೊಳಗೆ ತುಂಬಿ, ನಡುವೆ ಸೀಸದ ಕಡ್ಡಿ ಇಟ್ಟಿರುತ್ತಾರೆ. ಹಿಟ್ಟು ಉದುರುವುದಿಲ್ಲ, ಆದ್ದರಿಂದ ದಿನಾ ಆಳಕ್ಕಿಳಿಸಿ ತುಂಬಿದರೂ ವರ್ಷಗಟ್ಟಲೆ ಬಾಳುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿದ್ಯುತ್ ಲಾರಿಗಳಂಥ ಭಾರದ ಕೆಲಸಕ್ಕೆ ಅಮೆರಿಕದಲ್ಲಿ ಇದನ್ನು ಮಾರಾಟಕ್ಕೆ ತಂದರು. ಜಲಾಂತರ್ಗಾಮಿಗಳು ನೀರಿನಡಿ ಓಡುವುದೂ ಇಂಥ ಕೊಳವೆ ಹಲಗೆಗಳ ದೊಡ್ಡ ಬ್ಯಾಟರಿಗಳಿಂದ. ಭಾರತದಲ್ಲಿ ಇದನ್ನು ಮನೆಮನೆಗೆ ತಂದದ್ದು ಲೋಡ್ ಶೆಡ್ಡಿಂಗ್. ಮೆಟ್ಟಿಲ ಕೆಳಗೆ ಟ್ರಾಲಿಯಲ್ಲಿ ಕೂತ ನಮ್ಮ ಇನ್ವರ್ಟರ್ ಬ್ಯಾಟರಿ ಜಲಾಂತರ್ಗಾಮಿಯ ದಾಯಾದಿ ಎಂದರೆ ನಂಬುವುದು ಕಷ್ಟ, ಆದರೆ ನಿಜ.

ದಾಯಾದಿಯಾದರೂ ದೋಣಿಗೆ ಅದು ಒಗ್ಗುವುದಿಲ್ಲ. ಮೊದಲನೆಯದಾಗಿ ತೂಕ: 150 ಆಂಪಿಯರ್-ಅವರ್‌ನದು 50 ಕಿಲೋ ದಾಟುತ್ತದೆ, ಎತ್ತರವೂ ಹೆಚ್ಚು. ಆರು ಜನರ ದೋಣಿಯಲ್ಲಿ ಒಂದು ಮೂಲೆಗೆ ಒಬ್ಬ ಹೆಚ್ಚುವರಿ ಮನುಷ್ಯನನ್ನು ಕಾಯಂ ಕೂರಿಸಿದಂತೆ. ಒಳಗೆ ಆಮ್ಲ ದ್ರವರೂಪದಲ್ಲಿದೆ, ಅಲೆಗೆ ದೋಣಿ ವಾಲಿದರೆ, ಕುಪ್ಪಳಿಸಿದರೆ ಚೆಲ್ಲುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಗಾಳಿಯಲ್ಲಿ ಅದು ಶೇಕಡ 4 ಸೇರಿದರೆ ಒಂದು ಕಿಡಿ ಸಾಕು. ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕ್ ಇರುವ ಕಡೆ ಇದು ಸಣ್ಣ ಮಾತಲ್ಲ. ಮೇಲಾಗಿ ಒಂದೇ ಗಳಿಗೆಯಲ್ಲಿ ನೂರಾರು ಆಂಪಿಯರ್ ಸಿಡಿಸುವ ಗುಣ ಅದಕ್ಕಿಲ್ಲ.

ಈಗ ಸ್ವಲ್ಪ ಗಣಿತ. ಔಟ್‌ಬೋರ್ಡ್ ಇಂಜಿನ್ ಎಬ್ಬಿಸಲು 200 ಆಂಪಿಯರ್ ಮೂರು ಸೆಕೆಂಡು ಬೇಕು ಎಂದಿಟ್ಟುಕೊಳ್ಳೋಣ. ಗುಣಿಸಿ 3600ರಿಂದ ಭಾಗಿಸಿದರೆ ಖರ್ಚಾಗುವುದು 0.17 ಆಂಪಿಯರ್-ಅವರ್. ನೂರು ಆಂಪಿಯರ್-ಅವರ್‌ನ ಬ್ಯಾಟರಿಯಲ್ಲಿ ಇದು ಐನೂರರಲ್ಲಿ ಒಂದು ಪಾಲೂ ಅಲ್ಲ. ದಿನಕ್ಕೆ ಮೂವತ್ತು ಸುತ್ತು, ಮೂವತ್ತು ಬಾರಿ ಸ್ಟಾರ್ಟ್ ಎಂದರೂ ಐದು ಆಂಪಿಯರ್-ಅವರ್. ಅದೇ ದೋಣಿಯ ಸ್ಪೀಕರು ಮತ್ತು ಬಣ್ಣದ ದೀಪ ಸೇರಿ 10 ಆಂಪಿಯರ್ ಎಳೆದರೆ, ಸಂಜೆಯ ಮೂರು ಗಂಟೆಗೆ 30. ಮಜಾ ದೋಣಿಯ ಬ್ಯಾಟರಿಯನ್ನು ಕೊಲ್ಲುವುದು ಇಂಜಿನ್ ಅಲ್ಲ, ಹಾಡು! ಸಣ್ಣ ಔಟ್‌ಬೋರ್ಡ್‌ಗಳ ಆಲ್ಟರ್ನೇಟರ್ ನಿಧಾನಗತಿಯಲ್ಲಿ ಕೊಡುವುದು ಕೆಲವೇ ಆಂಪಿಯರ್, ಹತ್ತು ನಿಮಿಷದ ಸುತ್ತಿನಲ್ಲಿ ಹೋದದ್ದು ಮರಳಿ ಬರುವುದಿಲ್ಲ.

ಅಂಗಡಿಯವನು ಹೇಳುವ ‘ನೂರು ಎಎಚ್’ಗೂ ಒಂದು ಷರತ್ತಿದೆ. ಅದು ಸಾಮಾನ್ಯವಾಗಿ ಇಪ್ಪತ್ತು ಗಂಟೆಯ ಲೆಕ್ಕ: ಐದೈದು ಆಂಪಿಯರ್‌ನಂತೆ ಇಪ್ಪತ್ತು ಗಂಟೆ ತೆಗೆದರೆ ನೂರು. ಅದನ್ನೇ 50 ಆಂಪಿಯರ್‌ನಂತೆ ಎಳೆದರೆ ಎರಡು ಗಂಟೆ ಬರುವುದಿಲ್ಲ, ಒಂದೂಕಾಲು ಗಂಟೆಗೆ ಕೈಯೆತ್ತಬಹುದು. ಆತುರದಲ್ಲಿ ತೆಗೆದರೆ ಕಡಿಮೆ ಸಿಗುತ್ತದೆ ಎಂಬ ಈ ನಿಯಮವನ್ನು ಜರ್ಮನಿಯ ಪಾಯ್ಕರ್ಟ್ 1897ರಲ್ಲೇ ಸೂತ್ರಕ್ಕಿಳಿಸಿದ್ದ. ದೋಣಿಯವನಿಗೆ ಉಪಯೋಗದ ಅಂಕಿ ಇನ್ನೊಂದಿದೆ, ರಿಸರ್ವ್ ಕೆಪ್ಯಾಸಿಟಿ. 25 ಆಂಪಿಯರ್ ಎಳೆಯುತ್ತಿದ್ದರೆ ಎಷ್ಟು ನಿಮಿಷ ನಿಲ್ಲುತ್ತದೆ ಎಂಬುದು. ರಾತ್ರಿ ದಾರಿಯಲ್ಲಿ ಕಾರಿನ ಜನರೇಟರ್ ಕೆಟ್ಟರೆ ದೀಪ ಹಾಕಿಕೊಂಡು ಎಷ್ಟು ಹೊತ್ತು ಹೋಗಬಹುದು ಎಂಬ ಚಿಂತೆಯಿಂದ ಬಂದ ಅಳತೆ. ಕೆರೆಯ ನಡುವೆ ಇಂಜಿನ್ ನಿಂತು, ದೋಣಿಯೊಳಗೆ ಬಂದ ನೀರನ್ನು ಬಿಲ್ಜ್ ಪಂಪ್ ಹೊರಹಾಕುತ್ತಿರುವಾಗ ಬೇಕಾದದ್ದೂ ಅದೇ.

ಊರ ನಡುವಿನ ಕೆರೆ ತಾನೆ ಎಂದು ಹಗುರಾಗಿ ತೆಗೆದುಕೊಳ್ಳುವ ನೀರಲ್ಲ ಇದು. 1990ರ ಮಾರ್ಚ್‌ನಲ್ಲಿ ಬುದ್ಧನ ಏಕಶಿಲಾ ಪ್ರತಿಮೆಯನ್ನು ಸಾಗಿಸುತ್ತಿದ್ದ ತೆಪ್ಪ ವಾಲಿ, ಪ್ರತಿಮೆಯ ಜತೆ ಜನರೂ ಮುಳುಗಿ ಸತ್ತರು. ಪ್ರತಿಮೆಯನ್ನು ಎತ್ತಿ ನಿಲ್ಲಿಸಿದ್ದು 1992ರ ಡಿಸೆಂಬರಿನಲ್ಲಿ. ಇಂದು ಅದನ್ನು ಸುತ್ತಿ ಬರುವ ದೋಣಿಗಳಲ್ಲಿ ಪಂಪು ಮತ್ತು ಸ್ಟಾರ್ಟರು ಒಂದೇ ಬ್ಯಾಟರಿಗೆ ಜೋತುಬಿದ್ದಿದ್ದರೆ, ಹಾಡು ಕೇಳಿ ಮುಗಿದ ಮೇಲೆ ಎರಡೂ ಒಟ್ಟಿಗೆ ಸುಮ್ಮನಾಗುತ್ತವೆ.

ಹಳೇ ನಾವಿಕರ ಪರಿಹಾರವೆಂದರೆ ಎರಡು ಬ್ಯಾಟರಿ. ಒಂದು ಇಂಜಿನ್ ಎಬ್ಬಿಸುವುದಕ್ಕೆ ಮಾತ್ರ, ಇನ್ನೊಂದು ಮಿಕ್ಕೆಲ್ಲದಕ್ಕೆ, ನಡುವೆ ಬೇರ್ಪಡಿಸುವ ಸ್ವಿಚ್ಚು. ದುಡ್ಡು ಉಳಿಸಲು ಇದನ್ನು ಬಿಡುವವರೇ ಹೆಚ್ಚು. ಸ್ಪೀಕರು ಇರುವ ದೋಣಿಯಲ್ಲಿ ಬಿಡುವುದು ತಪ್ಪು. ಒಂದೇ ಇಡಬೇಕೆಂದರೆ ಎಜಿಎಂ ಜಾತಿಯದು ವಾಸಿ. ಆಮ್ಲವನ್ನು ಗಾಜಿನ ನಾರಿನ ಚಾಪೆ ಹೀರಿಕೊಂಡಿರುತ್ತದೆ, ಚೆಲ್ಲುವುದಿಲ್ಲ, ಹಲಗೆಗಳು ಒತ್ತಿಕೊಂಡಿರುವುದರಿಂದ ಕುಲುಕಾಟ ತಾಳುತ್ತದೆ, ಸಿಡಿಯುವ ಶಕ್ತಿಯೂ ಇದೆ. 1970ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಈ ಬಗೆ ಭಾರತದಲ್ಲಿ ಬೆಳೆದದ್ದು 1990ರ ದಶಕದ ಟೆಲಿಫೋನ್ ಕ್ರಾಂತಿಯ ಬೆನ್ನಿಗೆ. ಊರೂರಿಗೆ ವಿನಿಮಯ ಕೇಂದ್ರ ಬಂದಾಗ ನೀರು ಹಾಕುವ ಗೋಜಿಲ್ಲದ ಬ್ಯಾಟರಿ ಬೇಕಾಯಿತು. ತಿರುಪತಿಯ ಅಮರರಾಜ ಕಂಪನಿ ಬೆಳೆದದ್ದು ಅಂಥ ಬೇಡಿಕೆಯಿಂದ. ಎಜಿಎಂಗೂ ಬಿಸಿಲು ಆಗದು, ಅತಿಯಾಗಿ ಚಾರ್ಜ್ ಮಾಡಿದರೆ ಒಣಗುತ್ತದೆ, ಒಣಗಿದ್ದಕ್ಕೆ ನೀರು ಹಾಕಲು ಮುಚ್ಚಳವೇ ಇಲ್ಲ.

ಹೈದರಾಬಾದಿನ ವಿಚಿತ್ರ ಇಲ್ಲಿದೆ. ಸಮುದ್ರದಿಂದ ಇಷ್ಟು ದೂರದ ಈ ಊರು ನೀರಿನಡಿಯ ಬ್ಯಾಟರಿಗಳಿಗೆ ಹೆಸರಾದ ಊರು. 1977ರಲ್ಲಿ ಇಲ್ಲಿ ಶುರುವಾದ ಎಚ್‌ಬಿಎಲ್ ಕಂಪನಿ ಮೊದಲು ಕೈಹಾಕಿದ್ದು ವಿಮಾನದ ಬ್ಯಾಟರಿಗೆ. ಆಮೇಲೆ ರೈಲು, ಟೆಲಿಫೋನ್, ಜಲಾಂತರ್ಗಾಮಿ, ಟಾರ್ಪಿಡೊ. ರಕ್ಷಣಾ ಪ್ರಯೋಗಾಲಯಗಳೂ 1970ರಲ್ಲಿ ಸ್ಥಾಪನೆಯಾದ ಭಾರತ್ ಡೈನಾಮಿಕ್ಸ್‌ನಂಥ ಕಾರ್ಖಾನೆಗಳೂ ಇರುವ ಊರಿನಲ್ಲಿ ಹೊರದೇಶದಿಂದ ತರಿಸುತ್ತಿದ್ದುದನ್ನು ಇಲ್ಲೇ ಮಾಡಬೇಕೆಂಬ ಒತ್ತಡ ಸದಾ ಇತ್ತು. ಟಾರ್ಪಿಡೊಗೆ ಬಳಸುವುದು ಬೆಳ್ಳಿ-ಸತುವಿನ ಬ್ಯಾಟರಿ. ತೂಕಕ್ಕೆ ಹೋಲಿಸಿದರೆ ಸೀಸಕ್ಕಿಂತ ಎಷ್ಟೋ ಪಾಲು ಶಕ್ತಿ, ಬೆಲೆ ಬೆಳ್ಳಿಯದು, ಯುದ್ಧದಲ್ಲಿ ಬಿಟ್ಟ ಟಾರ್ಪಿಡೊದಲ್ಲಿ ಅದು ಬದುಕುವುದು ಕೆಲವೇ ನಿಮಿಷ. ಕೆಲಸ ಯಾವುದೆಂದು ಅಷ್ಟು ಸ್ಪಷ್ಟವಾಗಿ ಗೊತ್ತಿರುವುದರಿಂದಲೇ ಆ ಆಯ್ಕೆ ಸುಲಭ. ಹುಸೇನ್ ಸಾಗರದ ದೋಣಿಯ ಕೆಲಸವನ್ನು ಯಾವ ಕಾರ್ಖಾನೆಯೂ ಕೂತು ಬರೆದಿಲ್ಲ, ಅಷ್ಟು ದೊಡ್ಡ ಮಾರುಕಟ್ಟೆ ಅದಲ್ಲ.

ಲಿಥಿಯಂ ಬಂದಿದೆಯಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನೂರು ಆಂಪಿಯರ್-ಅವರ್‌ನ ಸೀಸದ ಬ್ಯಾಟರಿ 30 ಕಿಲೋ ಸುಮಾರು ತೂಗಿದರೆ ಲಿಥಿಯಂ ಐರನ್ ಫಾಸ್ಫೇಟಿನದು ಅದರ ಅರ್ಧಕ್ಕೂ ಕಡಿಮೆ. ಸೀಸದ್ದನ್ನು ಅರ್ಧಕ್ಕಿಂತ ಕೆಳಗಿಳಿಸದಿರುವುದು ಕ್ಷೇಮ, ಇದನ್ನು ಶೇಕಡ 80ರವರೆಗೆ ಬಳಸಬಹುದು. ಕೇರಳದ ವೈಕಂನಲ್ಲಿ 2017ರಿಂದ ಓಡುತ್ತಿರುವ ‘ಆದಿತ್ಯ’ ಸೌರ ದೋಣಿ ಲಿಥಿಯಂ ನಂಬಿದ್ದು. 2023ರಲ್ಲಿ ಶುರುವಾದ ಕೊಚ್ಚಿ ವಾಟರ್ ಮೆಟ್ರೊ ಅದರಲ್ಲೇ ಟೈಟನೇಟ್ ಎಂಬ ಬಗೆ ಆರಿಸಿಕೊಂಡಿತು. ತೂಕ ಹೆಚ್ಚು, ಆದರೆ ಜನ ಹತ್ತಿಳಿಯುವಷ್ಟರಲ್ಲಿ ಬೇಗ ಚಾರ್ಜ್ ಆಗುತ್ತದೆ. 1893ರ ಶಿಕಾಗೊದ ದೋಣಿಗಳು ಒಂದು ಶತಮಾನ ಸುತ್ತಿ ಕೇರಳದ ಹಿನ್ನೀರಿಗೆ ಬಂದಂತಾಗಿದೆ.

ಪೆಟ್ರೋಲ್ ಸ್ಪೀಡ್‌ಬೋಟಿನಲ್ಲಿ ಸೀಸ ಕಿತ್ತು ಲಿಥಿಯಂ ಕೂರಿಸುವುದು ಮಾತ್ರ ಬೇರೆಯೇ ಕಥೆ. ಅದರೊಳಗಿನ ಕಾವಲು ಸರ್ಕೀಟು ಬಿಸಿಯೋ ಹೆಚ್ಚು ಕರೆಂಟೋ ಕಂಡರೆ ಹೇಳದೆ ಕೇಳದೆ ಸಂಪರ್ಕ ಕಡಿಯುತ್ತದೆ. ಓಡುತ್ತಿರುವ ಇಂಜಿನ್ನಿನ ಆಲ್ಟರ್ನೇಟರಿಗೆ ಆ ಗಳಿಗೆಯಲ್ಲಿ ಕರೆಂಟು ಸುರಿಯಲು ಜಾಗವಿಲ್ಲದೆ ಡಯೋಡು ಸುಡಬಹುದು. ಸ್ಟಾರ್ಟರಿನ ಸಿಡಿತಕ್ಕೆ ಒಪ್ಪುವ ಮಾದರಿಯೇ ಬೇಕು, ಚಾರ್ಜರೂ ಬದಲಾಗಬೇಕು. ಸದ್ಯಕ್ಕೆ ಸ್ಪೀಕರು-ದೀಪದ ಎರಡನೆಯ ಬ್ಯಾಟರಿಯಾಗಿ ಲಿಥಿಯಂ, ಸ್ಟಾರ್ಟಿಗೆ ಸೀಸ ಎಂಬುದು ಒಪ್ಪುವ ಮಾತು, ಎರಡನ್ನೂ ನೇರ ತಂತಿಯಲ್ಲಿ ಬೆಸೆಯದಿದ್ದರೆ. ಹೈದರಾಬಾದಿನಿಂದ ಬೆಂಗಳೂರಿಗೆ ಬರುವ ಹೆದ್ದಾರಿಯ ಬದಿಯ ಮೆಹಬೂಬ್‌ನಗರ ಜಿಲ್ಲೆಯ ದಿವಿಟಿಪಲ್ಲಿಯಲ್ಲಿ ಅಮರರಾಜ ಲಿಥಿಯಂ ಸೆಲ್ಲಿನ ಕಾರ್ಖಾನೆಗೆ ಅಡಿಗಲ್ಲು ಇಟ್ಟದ್ದು 2023ರ ಮೇನಲ್ಲಿ. ರಾಣಿಗಂಜ್‌ನ ಅಂಗಡಿಯ ಸಾಲುಗಳು ಅದರಿಂದ ಬದಲಾಗಲೂಬಹುದು.

ಅಲ್ಲಿಯವರೆಗೆ ಮಳೆಗಾಲವಿದೆ. ದೋಣಿ ವಾರಗಟ್ಟಲೆ ಕಟ್ಟಿಹಾಕಿದಾಗ ಬ್ಯಾಟರಿ ತಾನಾಗಿ ಇಳಿಯುತ್ತದೆ, ಬಿಸಿಯಿದ್ದಷ್ಟೂ ಬೇಗ. ಸುಮ್ಮನಿದ್ದ ಬ್ಯಾಟರಿಯ ಮೇಲೆ ಮೀಟರಿಟ್ಟರೆ 12.7 ವೋಲ್ಟು ಎಂದರೆ ತುಂಬಿದೆ, 12.4ಕ್ಕಿಂತ ಕೆಳಗೆ ಹೋದರೆ ಹಲಗೆಗಳ ಮೇಲೆ ಸಲ್ಫೇಟ್ ಗಟ್ಟಿಕಟ್ಟಲು ಶುರು. ತಿಂಗಳಿಗೊಮ್ಮೆ ದಡದ ಚಾರ್ಜರಿಗೆ ಹಾಕುವ ಬೇಸರದ ಕೆಲಸ ತಪ್ಪಿಸಿಕೊಂಡವರೇ ಪ್ರತಿ ವರ್ಷ ಅಂಗಡಿಗೆ ಹೋಗುವುದು. ಕೊಳಚೆ ಸೇರುವ ಈ ಕೆರೆಯ ವಾಸನೆಯಲ್ಲಿ ತಾಮ್ರವನ್ನು ಕಪ್ಪಾಗಿಸುವ ಹೈಡ್ರೋಜನ್ ಸಲ್ಫೈಡೂ ಇರುತ್ತದೆ, ಆದ್ದರಿಂದ ತಂತಿಯ ತುದಿಗಳನ್ನು ಉಜ್ಜಿ ಗ್ರೀಸು ಹಚ್ಚುವುದನ್ನು ಮರೆಯುವಂತಿಲ್ಲ. ಎಷ್ಟೋ ಸಲ ಸತ್ತಿತೆಂದು ಎಸೆದ ಬ್ಯಾಟರಿ ಚೆನ್ನಾಗಿಯೇ ಇರುತ್ತದೆ, ಕೆಟ್ಟಿರುವುದು ಆ ತುದಿ.

ನಿಜವಾಗಿ ಸತ್ತದ್ದನ್ನು ಅಂಗಡಿಯವನು ತೂಗಿ, ಹೊಸದರ ಬೆಲೆಯಲ್ಲಿ ಮುರಿದುಕೊಳ್ಳುತ್ತಾನೆ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಅದನ್ನು ಹಿತ್ತಲಿನ ಕುಲುಮೆಯಲ್ಲಿ ಒಡೆದು ಕರಗಿಸಿದರೆ ಹೊಗೆ, ಧೂಳು ಸುತ್ತಲ ಮನೆಗಳಿಗೆ ಹೋಗುತ್ತದೆ. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳ 2020ರ ವರದಿಯ ಅಂದಾಜಿನಂತೆ ರಕ್ತದಲ್ಲಿ ಕಳವಳಪಡುವ ಮಟ್ಟದ ಸೀಸವಿರುವ ಮಕ್ಕಳು ಭಾರತದಲ್ಲೇ 27 ಕೋಟಿಗೂ ಹೆಚ್ಚು, ಅದಕ್ಕೆ ಅದು ಹೆಸರಿಸಿದ ದೊಡ್ಡ ಕಾರಣಗಳಲ್ಲಿ ಒಂದು ಹೀಗೆ ಕರಗಿಸುವ ಹಳೇ ಬ್ಯಾಟರಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ವಾಪಸು ಪಡೆದು ಸರಿಯಾಗಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಗುಜರಿಯವನು ಅಂಗಡಿಗಿಂತ ನೂರಿನ್ನೂರು ಹೆಚ್ಚು ಕೊಡುತ್ತೇನೆ ಎಂದು ಜೆಟ್ಟಿಯ ಹತ್ತಿರವೇ ಕೇಳಿದರೆ, ಆ ಹೆಚ್ಚಿನ ದುಡ್ಡು ಎಲ್ಲಿಂದ ಬರುತ್ತದೆ ಎಂಬುದು ಆ ಕುಲುಮೆಯ ಪಕ್ಕದ ಮನೆಯವರಿಗೆ ಗೊತ್ತಿರುತ್ತದೆ.